ಗಾಡಿ ಮೀಟರ್ ಸತ್ತದ್ದು ಹೇಗೆ

ಕಳ್ಳ ಅನ್ನಿಸಿಕೊಂಡ ದಿನ ನನ್ನ ಬಾಯಿ ತುಂಬ ಡೀಸೆಲ್ ವಾಸನೆ ಇತ್ತು.

ಉಬ್ರಾಣಿ ಹತ್ತಿರ ಹಸಿ ಅಡಿಕೆ ಲೋಡಿನ ಸಮೇತ ಪಿಕಪ್ ನಿಂತುಬಿಟ್ಟಿತ್ತು. ಟ್ಯಾಂಕ್ ಖಾಲಿ. ಖಾಲಿಯಾಗುತ್ತಿದೆ ಎಂದು ತೋರಿಸಬೇಕಾದ ಮುಳ್ಳು ಸತ್ತು ಮಲಗಿತ್ತು. ಎಷ್ಟು ದೂರ ಓಡಿದ್ದೇನೆ ಎಂದು ಲೆಕ್ಕ ಹಾಕೋಣವೆಂದರೆ ಕಿಲೋಮೀಟರ್ ತೋರಿಸುವ ಜಾಗವೂ ಕಪ್ಪಗಿತ್ತು. ಕ್ಯಾನ್ ಹಿಡಿದು ಬಂಕಿಗೆ ನಡೆದೆ. ತುಂಬಿದ ಕ್ಯಾನನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ವಾಪಸ್ ಬಂದೆ. ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಖಾಲಿಯಾದರೆ ಪೈಪಿನೊಳಗೆ ಗಾಳಿ ಹೊಗುತ್ತದೆ. ಅದನ್ನು ತೆಗೆಯದೆ ಇಂಜಿನ್ ಹಿಡಿಯುವುದಿಲ್ಲ. ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಬಾತುಕೊಂಡಿತು. ಕೊನೆಗೆ ಪೈಪ್ ಬಿಚ್ಚಿ ಬಾಯಿಂದಲೇ ಎಳೆದೆ. ಗಂಟಲೊಳಗೂ ಇಳಿಯಿತು. ಕಕ್ಕಿದೆ. ಮತ್ತೆ ಎಳೆದೆ.

ಆ ಸ್ಥಿತಿಯಲ್ಲಿ ಚನ್ನಗಿರಿ ಮಂಡಿ ಗೇಟಿನ ಪಿಕಪ್ ಸ್ಟ್ಯಾಂಡಿಗೆ ಬಂದು ಇಳಿದರೆ ರುದ್ರಮುನಿ ಕಾಯುತ್ತಿದ್ದ.

ರುದ್ರಮುನಿ ಗಾಡಿಯ ಮಾಲೀಕ. ತೋಟಗಳ ಫಸಲು ಹಿಡಿದು, ಅಡಿಕೆ ಸುಲಿಸಿ, ಬೇಯಿಸಿ ಮಾರುವವನು. ನನಗಿಂತ ಚಿಕ್ಕವನು. ನನ್ನನ್ನು ತಿಮ್ಮ ಎನ್ನುತ್ತಾನೆ. ನನ್ನ ಹೆಸರು ಸಣ್ಣತಿಮ್ಮಪ್ಪ.

"ಟ್ಯಾಂಕ್ ಹೆಂಗೆ ಖಾಲಿ ಆತು?" ಎಂದ.

"ಮೀಟರ್ ಸತ್ತೈತೆ ಅಂತ ಹೇಳಿದ್ನಲ್ಲ ಸಾವ್ಕಾರ್ರೆ. ಮೊದ್ಲು ಮುಳ್ಳು ಕುಣೀತಿತ್ತು, ಆಗ್ಲೂ ಹೇಳಿದೀನಿ. ಗಾಡಿ ಓಡ್ತೈತಲ್ಲ ಅಂದ್ರಿ."

"ಮೀಟರ್ ತಾನಾಗೇ ಸಾಯ್ತೈತಾ? ಮೀಟರ್ ವೈರ್ ಕಟ್ ಮಾಡಿದ್ರೆ ಏನೇನ್ ಅನುಕೂಲ ಅಂತ ನನಗೆ ಗೊತ್ತಿಲ್ವಾ? ಡೀಸೆಲ್ ಎಲ್ಲಿ ಇಳಿಸ್ದೆ ಹೇಳು."

ಸ್ಟ್ಯಾಂಡಿನಲ್ಲಿ ಇದ್ದ ಡ್ರೈವರುಗಳೆಲ್ಲ ತಿರುಗಿ ನೋಡಿದರು.

"ಸುಮ್ನೆ ಬಾಯಿಗೆ ಬಂದಂಗೆ ಮಾತಾಡ್ಬೇಡ್ರಿ."

"ಕಳ್ಳನ್ನ ಕಳ್ಳ ಅನ್ನದೆ ಇನ್ನೇನಂತಾರೆ? ಕೇಳ್ಸ್ಕೊಳ್ರೋ ಎಲ್ಲಾರೂ. ನನ್ನ ಗಾಡಿ ಡೀಸೆಲ್ ಕದ್ದು ಮಾರವ್ನೆ ಇವ್ನು. ಇವ್ನಿಗೆ ಯಾವನಾದ್ರೂ ಸ್ಟೇರಿಂಗ್ ಕೊಟ್ಟರೆ ಆಮೇಲೆ ನನ್ನತ್ರ ಬಂದು ಅಳಬ್ಯಾಡ್ರಿ."

ಗೇಟಿನ ಆಚೆ ಹಮಾಲಿಗಳಿಗೂ ಕೇಳಿಸಿತು. ಅಷ್ಟು ಜೋರು.

ಚನ್ನಗಿರಿಯಲ್ಲಿ ಮಾಲೀಕರೆಲ್ಲ ಒಬ್ಬರಿಗೊಬ್ಬರು ನೆಂಟರು, ಇಲ್ಲವೇ ವ್ಯಾಪಾರದ ಪಾಲುದಾರರು. ಒಬ್ಬ ಕಳ್ಳ ಎಂದರೆ ಸಾಕು, ಬೆಳಗಾಗುವಷ್ಟರಲ್ಲಿ ಎಲ್ಲರ ಗಾಡಿ ಬಾಗಿಲೂ ಮುಚ್ಚುತ್ತದೆ. ನನಗೆ ಗೊತ್ತಿರುವುದು ಸ್ಟೇರಿಂಗ್ ಒಂದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲೈಸನ್ಸ್ ಬಿಟ್ಟರೆ ಬೇರೆ ಸರ್ಟಿಫಿಕೇಟ್ ಇಲ್ಲ.

"ಸಾಬೀತು ಮಾಡ್ರಿ," ಎಂದೆ.

"ನೀನು ಮಾಡು. ಮೀಟರ್ ಹೆಂಗೆ ಸತ್ತಿತು ಅಂತ ತಿಳ್ಕೊಂಡು ಬಾ. ಇಲ್ಲಾಂದ್ರೆ ಗಂಟು ಕಟ್ಕೊಂಡು ನಿಮ್ಮ ಜಗಳೂರು ಕಡೆ ನಡಿ, ಕುರಿ ಕಾಯಾಕೆ."

ಯಾರೂ ನನ್ನ ಪರ ಒಂದು ಮಾತು ಆಡಲಿಲ್ಲ. ಸೂರಗೊಂಡನಕೊಪ್ಪದ ಲಂಬಾಣಿ ಸಿದ್ದು ಮಾತ್ರ ಬೀಡಿ ಚಾಚಿದ. "ಬೇಡ ಬಿಡಪ್ಪ, ಡೀಸೆಲ್ ಕುಡ್ದಿದೀಯ, ಬೆಂಕಿ ಹತ್ಕಂಡ್ರೆ ಕಷ್ಟ," ಎಂದು ತಾನೇ ವಾಪಸ್ ತೆಗೆದುಕೊಂಡ. ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಸ್ಟ್ಯಾಂಡಿನಲ್ಲಿ ಡೀಸೆಲ್ ತಿಮ್ಮಣ್ಣ.

ಸುಲಿಯುವ ಶೆಡ್ಡಿನಲ್ಲಿ ಲೋಡು ಇಳಿಸಿ ಗಾಡಿಯನ್ನು ಚನ್ನಗಿರಿಯ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವನು ಫ್ಯೂಸ್ ತೆಗೆದು ನೋಡಿದ. ಚೆನ್ನಾಗಿತ್ತು. ಆದರೂ ಹೊಸದು ಹಾಕಿದ. ಕೀ ತಿರುಗಿಸಿದೆ. ಒಂದು ದೀಪವೂ ಇಲ್ಲ. ಹಾರನ್ ಕೂಗುತ್ತದೆ, ಹೆಡ್‌ಲೈಟ್ ಉರಿಯುತ್ತದೆ, ಇಂಜಿನ್ ಓಡುತ್ತದೆ. ಮೀಟರ್ ಮಾತ್ರ ಹೆಣ. ಬ್ಯಾಟರಿ ವೈರು ಬಿಗಿ ಮಾಡಿದ. ಇಲ್ಲ. ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಗುದ್ದಿದ. ಇಲ್ಲ. "ಇದು ನನ್ನ ಕೈಯಾಗೆ ಆಗಂಗಿಲ್ಲ, ಹೊನ್ನಾಳಿಗೆ ತಗೊಂಡು ಹೋಗು," ಎಂದು ಕೈ ಒರೆಸಿಕೊಂಡ.

ಹೊನ್ನಾಳಿಯವನು ಇನ್ನೂ ಚೆನ್ನ. ಗಾಜಿನ ಅಂಗಡಿ, ಕಂಪ್ಯೂಟರ್. ಸ್ಟೇರಿಂಗ್ ಕೆಳಗೆ ಒಂದು ವೈರು ಚುಚ್ಚಿ ಪರದೆ ನೋಡಿದ. "ಮೀಟರ್ ರಿಪ್ಲೈ ಕೊಡ್ತಿಲ್ಲ," ಎಂದ.

"ಅದು ನನಗೂ ಗೊತ್ತು. ಯಾಕೆ ಕೊಡ್ತಿಲ್ಲ?"

"ಪೂರ್ತಿ ಸೆಟ್ ಬದ್ಲಾಯಿಸ್ಬೇಕು."

"ಬಿಚ್ಚಿ ನೋಡಿ ಹೇಳ್ರಿ. ನನಗೆ ಕಾರಣ ಬೇಕು."

"ಬಿಚ್ಚೋದೆಲ್ಲ ಇಲ್ಲ. ಮಾಲೀಕರ ನಂಬರ್ ಕೊಡಿ."

ಕೊಟ್ಟೆ. ನನ್ನೆದುರಿಗೇ ಫೋನಿನಲ್ಲಿ ಹೇಳಿದ: "ಡ್ರೈವರ್‌ಗಳು ಹಿಂದಗಡೆ ವೈರ್ ಎಳೆದು ಹಾಳು ಮಾಡ್ತಾರೆ ಸಾರ್, ಕಾಮನ್." ಬಿಚ್ಚಲಿಲ್ಲ, ನೋಡಲಿಲ್ಲ, ಹೇಳಿಬಿಟ್ಟ. ನಾನು ಅವನ ಕಾಲರಿಗೆ ಕೈ ಹಾಕಿದ್ದೆ. ಅಂಗಡಿಯ ಇನ್ನಿಬ್ಬರು ಬಿಡಿಸಿ ಹೊರಗೆ ನೂಕಿದರು. ರಸ್ತೆಯಲ್ಲಿ ನಿಂತವನಿಗೆ ರುದ್ರಮುನಿಯ ಫೋನ್ ಬಂತು. "ಕೇಳ್ಸ್ತಾ? ಈಗ ಸ್ಟೇಷನ್ನಿಗೆ ಹೋಗೋದೊಂದು ಬಾಕಿ," ಎಂದ.

ನ್ಯಾಮತಿಯಲ್ಲಿ ಮಾಲತೇಶ್ ಎಂಬವನು ಮೀಟರ್ ಬಿಚ್ಚುತ್ತಾನೆ ಎಂದು ಯಾರೋ ಹೇಳಿದರು. ಹೊನ್ನಾಳಿಯಿಂದ ನೇರವಾಗಿ ಅಲ್ಲಿಗೆ ಹೋದೆ. ಶೆಡ್ಡಿನ ಮುಂದೆ ಟಯರಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ದಪ್ಪ ಆಳು. ಬಾಯಿ ಇನ್ನೂ ದಪ್ಪ.

"ಇಲಿ," ಎಂದ. ಗಾಡಿ ಮುಟ್ಟಿರಲಿಲ್ಲ.

"ನೋಡ್ದೇನೇ?"

"ಏನ್ ನೋಡೋದು? ಅಡಿಕೆ ಗಾಡಿ, ಸುಗ್ಗಿ ಟೈಮು. ಇಲಿ ವೈರ್ ಕಡಿದೈತೆ. ಇಲಿ ಅಲ್ಲ ಅಂದ್ರೆ ನನ್ನ ಹೆಸ್ರು ಬದ್ಲಾಯಿಸ್ಕಂತೀನಿ."

ನಾನೂ ಅವನೂ ಸೇರಿ ಸ್ಟೇರಿಂಗ್ ಸುತ್ತಲಿನ ಪ್ಲಾಸ್ಟಿಕ್ ಬಿಚ್ಚಿದೆವು. ನಾನು ಪೆಡಲ್ ಹತ್ತಿರ ಅಂಗಾತ ಮಲಗಿ, ತಲೆ ಕೆಳಗೆ ಮಾಡಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ ವೈರು ಹುಡುಕಿದೆ. ಒಂದೊಂದೇ ವೈರನ್ನು ಬೆರಳಲ್ಲಿ ಸವರಿದೆ. ಎಲ್ಲೂ ಕಡಿದಿಲ್ಲ. ಎಲ್ಲೂ ಕುಯ್ದಿಲ್ಲ. ಕತ್ತು ಹಿಡಿದುಕೊಂಡಿತು. ಬೆವರು ಕಣ್ಣಿಗೆ ಇಳಿಯಿತು.

"ಇಲಿ ಎಲ್ರೀ?"

"ಬುದ್ಧಿವಂತ ಇಲಿ ಇರ್ಬೇಕು," ಎಂದ ಮಾಲತೇಶ್. ಈಗ ಅವನಿಗೂ ಹಠ ಬಂದಿತ್ತು. ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ತಂದ. ಮೀಟರಿಗೆ ಹೋಗುವ ವೈರಿಗೆ ಚುಚ್ಚಿದ. ಬಲ್ಬ್ ಉರಿಯಿತು. ಪಕ್ಕದ ವೈರಿಗೆ ಚುಚ್ಚಿದ. ಉರಿಯಲಿಲ್ಲ. "ಕರೆಂಟ್ ಬರ್ತೈತೆ. ಅರ್ತಿಂಗ್ ಸಿಗ್ತಿಲ್ಲ. ಬೀಗ್ರು ಬಂದವ್ರೆ, ಕೂರಾಕೆ ಚಾಪೆ ಇಲ್ಲ," ಎಂದು ನಕ್ಕು, ಮೀಟರನ್ನು ಹಿಡಿದು ಹೊರಗೆ ಎಳೆದ. ಹಿಂದಿನ ಸಾಕೆಟ್ ಅಂಟಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೀಟಿದ ಮೇಲೆ ಬಂತು.

ಸಾಕೆಟ್ಟಿನ ಪಿನ್ನುಗಳೆಲ್ಲ ಹಸಿರು. ಅದರ ಸುತ್ತ ಉಪ್ಪಿನ ಹಾಗೆ ಬಿಳಿ ಹಕ್ಕಳೆ. ಮೀಟರಿನ ಹಿಂಬದಿ ಬಿಚ್ಚಿದರೆ ಒಳಗಿನ ಪ್ಲೇಟಿನ ಮೇಲೂ ಅದೇ. ಸಣ್ಣ ಸಣ್ಣ ಗೆರೆಗಳು ಕೊಳೆತು ಎದ್ದು ಬಂದಿದ್ದವು. ಮಾಲತೇಶ್ ಅದನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದ.

"ಏನ್ರೀ ಇದು? ಗಾಡೀನ ದನದ ಕೊಟ್ಟಿಗೇಲಿ ಕಟ್ತೀರೇನು?"

ಬಿಸಿಲಿಗೆ ಆ ವಾಸನೆ ಎದ್ದಿತು. ನನಗೆ ಗೊತ್ತಿರುವ ವಾಸನೆ. ದಿನಾ ಬೆಳಗ್ಗೆ ನಾನು ಅದರ ಮೇಲೆ ಕೂರುತ್ತೇನೆ.

ಸಂಜೆ ಗಾಡಿಯನ್ನು ರುದ್ರಮುನಿಯ ಮನೆ ಮುಂದೆ ನಿಲ್ಲಿಸಿ ನಾನು ಇಳಿದು ಹೋದ ಮೇಲೆ ಅವನ ತಾಯಿ ಕಸ್ತೂರಮ್ಮ ಹೊರಗೆ ಬರುತ್ತಾಳೆ. ಚೊಂಬಿನಲ್ಲಿ ಹಸುವಿನ ಗಂಜಲ, ಅದಕ್ಕೆ ಚಿಟಿಕೆ ಅರಿಶಿನ. ಸೊಪ್ಪಿನ ಕಡ್ಡಿ ಅದ್ದಿ ಸೀಟಿಗೆ, ಸ್ಟೇರಿಂಗಿಗೆ, ಗೇರಿನ ಹಿಡಿಗೆ, ಡ್ಯಾಶ್‌ಬೋರ್ಡಿಗೆ ಚಿಮುಕಿಸುತ್ತಾಳೆ. ಸಾಲದು ಅನ್ನಿಸಿದ ದಿನ ಅಂಗೈಯಲ್ಲೇ ಎತ್ತಿ ಎರಚುತ್ತಾಳೆ. ಯಾಕೆಂದರೆ ನಾನು ಬಿಳಿಚೋಡಿನ ಮಾದಿಗರ ಕೇರಿಯವನು. ಡ್ಯಾಶ್‌ಬೋರ್ಡಿನ ಮೇಲೆ ಅವರ ಮನೆದೇವರ ಪಟ ಇದೆ. ಒಂದು ಸಂಜೆ ಮರೆತ ಟವೆಲ್ಲಿಗೆ ವಾಪಸ್ ಹೋದಾಗ ಆಕೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ಈ ಮೀಟರ್‌ಗೆ ಒಂದ್ ಬೊಗಸೆ ಜಾಸ್ತೀನೇ ಬೇಕಮ್ಮ. ದಿನಾ ಪೂರ್ತಿ ಅವ್ನು ಕಣ್ಣಿಟ್ಟು ನೋಡೋದು ಇದನ್ನೇ ಅಲ್ವಾ."

ನನ್ನನ್ನು ನೋಡಿಯೂ ಆಕೆ ಕೈ ನಿಲ್ಲಿಸಲಿಲ್ಲ. ನಾನು ಟವೆಲ್ ತೆಗೆದುಕೊಂಡು ಬಂದೆ.

ಮಾಲತೇಶನಿಗೆ ಹೇಳಿದೆ. ಹೀಗೆ ಹೀಗೆ ಎಂದು. ಅವನ ನಗು ನಿಂತಿತು. ಮಂಡಕ್ಕಿ ಪೊಟ್ಟಣ ಮಡಚಿಟ್ಟ. "ಉಪ್ಪು ಇರ್ತೈತೆ ಅದ್ರಾಗೆ. ಆಸಿಡ್ ಹಾಕ್ದಂಗೇನೆ," ಎಂದ. ಆಮೇಲೆ ಧ್ವನಿ ತಗ್ಗಿಸಿದ. "ನೋಡಪ್ಪ, ಹೋಗಿ ಮಳೆ ನೀರು ಅಂತ ಹೇಳ್ಬಿಡು. ದೊಡ್ಡೋರ ಮನೆ ವಿಷಯ. ನನ್ನ ಹೆಸ್ರು ತರಬ್ಯಾಡ."

"ಈಗ ತಾನೆ ಹೆಸ್ರು ಬದ್ಲಾಯಿಸ್ಕಂತೀನಿ ಅಂದ್ರಲ್ಲ. ಯಾವ ಹೆಸ್ರು ತರ್ಲಿ?"

ಅವನು ಎದ್ದು ಶೆಡ್ಡಿನೊಳಗೆ ಹೋದ. ಗುಜರಿ ಗಾಡಿಯ ಮೀಟರ್ ಒಂದನ್ನು ತಂದು, ಸಾಕೆಟ್ ಬದಲಾಯಿಸಿ, ಅರ್ತಿಂಗಿಗೆ ಹೊಸ ವೈರು ಎಳೆದು ಕೂರಿಸಿದ. ಕೀ ತಿರುಗಿಸಿದೆ. ದೀಪಗಳು ಒಟ್ಟಿಗೆ ಹತ್ತಿದವು. ಡೀಸೆಲ್ ಮುಳ್ಳು ನಿಧಾನವಾಗಿ ಮೇಲೆ ಬಂತು. ಅಳು ಬರುವ ಹಾಗಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟೇ ಉಳಿಯಿತು. ಕೊಳೆತ ಮೀಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ನನ್ನ ಹೆಂಡತಿ ಕರಿಬಸಮ್ಮ ಅಡಿಕೆ ಸುಲಿಯಲು ಹೋಗುತ್ತಾಳೆ. ಬೆರಳುಗಳು ಸದಾ ಕಪ್ಪು. ಆ ಬೆರಳಿನಿಂದಲೇ ಮೀಟರಿನ ಹಕ್ಕಳೆ ಕೆರೆದು ಮೂಸಿದಳು.

"ಇದು ನಿನ್ನ ಪ್ಯಾಂಟಿನ ವಾಸನೆ," ಎಂದಳು.

ಕಸ್ತೂರಮ್ಮನ ಚೊಂಬಿನ ವಿಷಯ ಹೇಳಿದೆ.

"ಕಿಟಕಿ ಮುಚ್ಚಿರ್ಲಿಲ್ಲ, ಮಳೆ ಬಿದ್ದಿತ್ತು ಅಂತಿದ್ದೆ. ಬ್ಯಾಸಗೇಲೂ ಮಳೆ ಅಂದೆ. ನಾನು ಒಗೆದೆ. ಅವ್ರ ಮನೆ ಉಚ್ಚೇನ ನನ್ನ ಕೈಲಿ ಒಗೆಸಿದ್ರಲ್ಲ!"

ಚೀಲವನ್ನು ನನ್ನ ಎದೆಗೆ ಒತ್ತಿದಳು. "ಹೋಗು. ಹೇಳ್ದೆ ಬಂದ್ರೆ ಇಲ್ಲಿ ಅನ್ನ ಇಲ್ಲ."

ಬೆಳಗ್ಗೆ ರುದ್ರಮುನಿಯ ಮನೆ ಮುಂದೆ ನಿಂತು ಕೂಗಿದೆ. ಹೊರಗೆ ಬಂದ. ಕೀ ತಿರುಗಿಸಿ ಬದಲಿ ಮೀಟರ್ ತೋರಿಸಿದೆ. ಚೀಲ ಬಿಚ್ಚಿ ಹಳೆಯದನ್ನು ತೋರಿಸಿದೆ. ಓದಿದವನು. ಒಂದು ಸಲ ನೋಡಿದ, ಒಂದು ಸಲ ಮೂಸಿದ, ತಿಳಿಯಿತು. ಮನೆಯ ಬಾಗಿಲ ಕಡೆ ನೋಡಿ, ನನ್ನ ತೋಳಿನ ಹತ್ತಿರ ಕೈ ತಂದು, ಮುಟ್ಟದೆ, "ಈ ಕಡೆ ಬಾ," ಎಂದ.

"ವೈರ್ ಕಟ್ ಆಗಿತ್ತಾ?" ಎಂದು ಕೇಳಿದೆ.

"ಆಯ್ತಪ್ಪ, ಗೊತ್ತಾತು. ಮೆಲ್ಲಗೆ ಮಾತಾಡು. ಅವ್ವಂಗೆ ಬಿಪಿ ಐತೆ. ನೀನು ಒಂದು ಕೆಲ್ಸ ಮಾಡು. ಕೈ ತಪ್ಪಿ ನೀರಿನ ಬಾಟ್ಲಿ ಬಿತ್ತು, ಅದಕ್ಕೇ ಹೋತು ಅಂತ ಹೇಳ್ಬಿಡು. ಗೊತ್ತಿಲ್ದೆ ಆಗಿದ್ದು ಅಂತ ನಾನೂ ಸ್ಟ್ಯಾಂಡಲ್ಲಿ ಹೇಳ್ತೀನಿ. ಕಳ್ಳ ಅನ್ನೋದು ಹೋತದೆ. ಮುಗೀತು."

"ಕಳ್ಳತನ ಹೋಗಿ ಕೈ ತಪ್ಪಿದ್ದು ಬರ್ತೈತೆ. ತಪ್ಪು ನಂದೇ ಉಳೀತೈತೆ."

"ಹಿಂದಿನ ಕಾಲದೋರು ಕಣೋ. ಹೆಂಗೆ ತಿದ್ದಾಕಾಗ್ತೈತೆ?"

ಅಷ್ಟರಲ್ಲಿ ಕಸ್ತೂರಮ್ಮನೇ ಬಾಗಿಲಿಗೆ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಪೊರಕೆ. "ಏನಂತೆ ಅವಂದು?" ಎಂದು ಮಗನನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ. ಮಗ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ.

"ಅಮ್ಮ, ನೀವು ದಿನಾ ಗಾಡಿಗೆ ಗಂಜಲ ಹಾಕ್ತೀರಲ್ಲ, ಅದು ಒಳಗಿಳಿದು ಮೀಟರ್ ತಿಂದು ಹಾಕೈತೆ. ಅದಕ್ಕೆ ಡೀಸೆಲ್ ಖಾಲಿ ಆಗಿದ್ದು ಗೊತ್ತಾಗ್ಲಿಲ್ಲ. ಅದಕ್ಕೆ ನನ್ನ ಕಳ್ಳ ಅಂದ್ರು."

ಹೆದರುತ್ತಾಳೆ, ತಲೆ ತಗ್ಗಿಸುತ್ತಾಳೆ, ಏನಾದರೊಂದು ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ.

"ಮತ್ತೆ ಹಾಕದೆ ಇರಾಕಾಗ್ತೈತಾ?" ಎಂದಳು. "ಸ್ವಾಮಿ ಪಟ ಐತೆ ಅದ್ರಾಗೆ. ಅಷ್ಟೇ ತಾನೆ? ಇವತ್ತಿಂದ ಆ ಮೀಟರ್‌ಗೆ ಒಂದ್ ಪ್ಲಾಸ್ಟಿಕ್ ಹೊದ್ಸಿದ್ರೆ ಆತು."

"ಹೂಂ, ಅದೇ ಸರಿ," ಎಂದ ರುದ್ರಮುನಿ. ಅವನಿಗೆ ದಾರಿ ಸಿಕ್ಕಿತ್ತು. "ಸೀಟಿಗೂ ಒಂದು ಪ್ಲಾಸ್ಟಿಕ್ ಕವರ್ ಹಾಕ್ಸಣ ತಿಮ್ಮ. ನಿನಗೂ ಒದ್ದೆ ಆಗಲ್ಲ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಮೀಟರ್ ಹಾಳಾದರೆ ಪ್ಲಾಸ್ಟಿಕ್. ಸೀಟು ಒದ್ದೆಯಾದರೆ ಪ್ಲಾಸ್ಟಿಕ್. ಚೊಂಬು ನಿಲ್ಲಿಸುವ ಮಾತು ಇಬ್ಬರ ಬಾಯಲ್ಲೂ ಇಲ್ಲ. ನನ್ನ ಮೇಲೆ ಬಿದ್ದದ್ದು ಅವರ ಲೆಕ್ಕಕ್ಕೇ ಇಲ್ಲ.

"ನನಗೇನೂ ಹೊದಿಸ್ಬೇಡ್ರಿ," ಎಂದೆ. "ಸ್ಟ್ಯಾಂಡಿಗೆ ಬರ್ರಿ. ಅವತ್ತು ಹೇಳಿದ ಜಾಗದಾಗೇ ನಿಂತು ಹೇಳ್ರಿ. ಅಲ್ಲಿವರ್ಗೂ ನಾನು ಗಾಡಿ ಹತ್ತಲ್ಲ."

ಕೀಯನ್ನು ಗಾಡಿಯಲ್ಲೇ ಬಿಟ್ಟು, ಚೀಲ ಹಿಡಿದು ಸ್ಟ್ಯಾಂಡಿಗೆ ನಡೆದೆ.

ಬರುತ್ತಾನೆಂದು ನನಗೆ ಗೊತ್ತಿತ್ತು. ಸುಗ್ಗಿ ಜೋರಿತ್ತು. ತೋಟಗಳಲ್ಲಿ ಗೊನೆ ಇಳಿಸಿ ರಾಶಿ ಹಾಕಿದ್ದರು. ಹಸಿ ಅಡಿಕೆಯನ್ನು ರಾಶಿಯಲ್ಲೇ ಬಿಟ್ಟರೆ ಕಾವು ಹಿಡಿದು ಕೆಡುತ್ತದೆ. ಸುಲಿಯುವ ಹೆಂಗಸರು ಬಂದು ಕೂತಿರುತ್ತಾರೆ. ಖಾಲಿ ಇರುವ ಡ್ರೈವರ್ ಯಾರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ರುದ್ರಮುನಿ ತಾನೇ ಗಾಡಿ ಓಡಿಸಿಕೊಂಡು ಗೇಟಿನ ಹತ್ತಿರ ಬಂದ. ಗೇರು ಕಿರಿಚಿಕೊಂಡು ನಿಂತಿತು. ಹಿಂದೆ ಲೋಡಿತ್ತು.

"ಹತ್ತು ತಿಮ್ಮ. ಎಲ್ಲ ಸರಿ ಹೋತು," ಎಂದ, ನನ್ನ ಕಿವಿಯ ಹತ್ತಿರ ಬಂದು.

"ಹೇಳ್ರಿ."

"ನೀನೇನೂ ಮಾಡಿಲ್ಲ. ಆತಾ?"

"ನನಗಲ್ಲ, ಅವ್ರಿಗೆ ಹೇಳ್ರಿ. ಕಳ್ಳ ಅಂದಾಗ ಎಷ್ಟು ಜೋರಾಗಿ ಅಂದಿದ್ರೋ ಅಷ್ಟು ಜೋರಾಗಿ."

ಡ್ರೈವರುಗಳು ಒಬ್ಬೊಬ್ಬರೇ ಎದ್ದು ಹತ್ತಿರ ಬಂದರು. ಸಿದ್ದು ತನ್ನ ಗಾಡಿಯ ಬಾನೆಟ್ಟಿನ ಮೇಲೆ ಕೂತು ಕಾಲು ಇಳಿಬಿಟ್ಟಿದ್ದ. ರುದ್ರಮುನಿ ಸುತ್ತ ನೋಡಿದ. ಗಂಟಲು ಸರಿಮಾಡಿಕೊಂಡ.

"ನೋಡ್ರಪ್ಪ, ಇವ್ನು ವೈರ್ ಕಟ್ ಮಾಡಿರ್ಲಿಲ್ಲ. ಮೀಟರ್ ಒಳಗೆ ನೀರು ಹೋಗಿತ್ತು. ಅಷ್ಟೇ. ಹತ್ತು ಈಗ."

ಅಲ್ಲಿಗೆ ಮುಗಿಸಬಹುದಿತ್ತು. ಕಳ್ಳ ಎಂಬ ಮಾತು ಹೋಯಿತು. ನಾಳೆಯಿಂದ ಸ್ಟೇರಿಂಗ್ ಸಿಗುತ್ತದೆ. ಕಾಲು ಒಂದು ಹೆಜ್ಜೆ ಮುಂದಕ್ಕೆ ಹೋಗಿಯೂ ಇತ್ತು. ಗಾಡಿಯ ಬಾಗಿಲು ತೆರೆದಿತ್ತು. ಸೀಟಿನ ಮೇಲೆ ಹೊಸ ಪ್ಲಾಸ್ಟಿಕ್ ಹಾಸಿ ತಂದಿದ್ದ.

"ಯಾವ ನೀರು?" ಎಂದೆ.

"ನೀರು ಅಂದ್ರೆ ನೀರು ಕಣೋ."

"ಮಳೆ ನೀರಾ? ನಲ್ಲಿ ನೀರಾ? ಯಾರು ಹಾಕಿದ್ದು? ಯಾಕೆ ಹಾಕಿದ್ದು?"

ರುದ್ರಮುನಿಯ ಮುಖ ಕೆಂಪಾಯಿತು. "ತಿಮ್ಮ, ಅತಿ ಆತು."

ಚೀಲದಿಂದ ಕೊಳೆತ ಮೀಟರ್ ತೆಗೆದು ಸಿದ್ದುವಿನ ಪಕ್ಕ ಬಾನೆಟ್ಟಿನ ಮೇಲೆ ಇಟ್ಟೆ. ಸಿದ್ದು ಬಗ್ಗಿ ನೋಡಿದ. ಮೂಸಿದ. ಏನೋ ತಮಾಷೆಗೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಅವನ ಗಾಡಿಯ ಮಾಲೀಕರ ಮನೆಯಲ್ಲೂ ಸಂಜೆ ಚೊಂಬು ಹೊರಗೆ ಬರುತ್ತದೆ. ಅದು ನನಗೆ ಅವನ ಮುಖದಿಂದ ಗೊತ್ತಾಯಿತು. ಮೀಟರ್ ಕೈಯಿಂದ ಕೈಗೆ ಹೋಯಿತು. ಕೆಲವರು ಮೂಸಿ ಪಕ್ಕದವನಿಗೆ ಕೊಟ್ಟರು. ಕೆಲವರು ಮೂಸದೆಯೇ ಕೊಟ್ಟರು. ಯಾರೂ ನಗಲಿಲ್ಲ.

"ಯಾವ ನೀರು ಸಾವ್ಕಾರ್ರೆ?" ಎಂದ ಸಿದ್ದು.

"ನಿನಗ್ಯಾಕೋ? ನಿನ್ನ ಕೆಲ್ಸ ನೋಡ್ಕ."

"ನನ್ನ ಕೆಲ್ಸಾನೂ ಸೀಟಿನ ಮೇಲೇ ಕೂರೋದು. ಅದಕ್ಕೆ ಕೇಳ್ದೆ."

ರುದ್ರಮುನಿ ನನ್ನ ಕಡೆ ತಿರುಗಿದ. ಧ್ವನಿ ಇಳಿಯಿತು. ಮೊದಲ ಸಲ ಪೂರ್ತಿ ಹೆಸರು ಬಂತು. "ಸಣ್ಣತಿಮ್ಮಪ್ಪ, ಅದನ್ನ ಹೆಂಗಪ್ಪ ನಾಲ್ಕು ಜನದ ಮುಂದೆ ಬಾಯಿ ಬಿಟ್ಟು ಹೇಳೋದು? ನಮ್ಮ ಮನೆ ಮರ್ಯಾದೆ ಏನಾಗ್ಬೇಕು?"

"ದಿನಾ ಬೀದೀಲಿ ನಿಂತು ಮಾಡಾಕೆ ನಾಚಿಕೆ ಇಲ್ಲ. ಒಂದ್ಸಲ ಹೇಳಾಕೆ ನಾಚಿಕೆ."

ಅವನು ಮುಖ ತಿರುಗಿಸಿ ಲೋಡಿನ ಕಡೆ ನೋಡಿದ. ಮೇಲಿನ ಗೊನೆಗಳಿಗೆ ಬಿಸಿಲು ಬಡಿಯುತ್ತಿತ್ತು. "ಸಿದ್ದು, ನೀನಾದ್ರೂ ಒಂದು ಟ್ರಿಪ್ ಹೊಡಿಯೋ," ಎಂದ.

ಸಿದ್ದು ಬಾನೆಟ್ಟಿನಿಂದ ಇಳಿಯಲಿಲ್ಲ. ರುದ್ರಮುನಿ ಇನ್ನೊಬ್ಬನನ್ನು ಕರೆದ. ಅವನು ಬೀಡಿ ಹಚ್ಚಿಕೊಂಡ. ಮತ್ತೊಬ್ಬ ಹೇಳಿದ, "ಮೊದ್ಲು ಯಾವ ನೀರು ಅಂತ ಹೇಳ್ರಲ್ಲ, ನಮಗೂ ತಿಳೀಲಿ."

ಸುಲಿಯುವ ಶೆಡ್ಡಿನಿಂದ ರುದ್ರಮುನಿಗೆ ಫೋನ್ ಬಂತು. ಕಟ್ ಮಾಡಿದ. ಮತ್ತೆ ಬಂತು.

ನಾನು ಗೇಟಿನ ಗೋಡೆಯ ನೆರಳಿಗೆ ಹೋಗಿ ಕೂತೆ. ಸಂಜೆಯವರೆಗೆ ಕೂರಲು ಸಿದ್ಧನಿದ್ದೆ. ಅವನು ಹೇಳಲಿಲ್ಲ. ನಾನು ಹತ್ತಲಿಲ್ಲ.